ಹಳೆಯ ಜರ್ಮನ್ ಪಿಸ್ತೂಲು ಬಗ್ಗೆ ಕೇಳಿ: ಪ್ರಶ್ನೋತ್ತರ

ಮೇಡಂ: ನಮಸ್ಕಾರ. ಅಮೆರಿಕದಲ್ಲಿ ಹಳೆಯ ಬಂದೂಕು, ಪಿಸ್ತೂಲುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಲೂಗರ್, ಮೌಸರ್, ವಾಲ್ಥರ್, ಯಾವ ಜರ್ಮನ್ ಪಿಸ್ತೂಲಿದ್ದರೂ ಕೇಳಿ.

ಆಸ್ಟಿನ್ ಸದಸ್ಯ: ಲೂಗರ್ ಕೊಳ್ಳೋಣ ಅಂತಿದ್ದೇನೆ ಮೇಡಂ. ಮೊದಲು ಏನು ನೋಡಬೇಕು?

ಮೇಡಂ: ನಂಬರ್. ಫ್ರೇಮ್ ಮತ್ತು ಬ್ಯಾರಲ್ ಮೇಲೆ ಪೂರ್ತಿ ನಂಬರ್ ಇರುತ್ತದೆ, ಸಣ್ಣ ಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿ. ಎಲ್ಲವೂ ಹೊಂದಬೇಕು. ಆಮೇಲೆ ಬಣ್ಣ. ಮೊದಲ ಮಹಾಯುದ್ಧದ ಕಾಲದವುಗಳಲ್ಲಿ ಟ್ರಿಗರ್, ಸೇಫ್ಟಿ ಲಿವರ್ ಒಣಹುಲ್ಲಿನ ಬಣ್ಣದಲ್ಲಿರುತ್ತವೆ. ಅವೂ ಕಪ್ಪಾಗಿ ಹೊಳೆಯುತ್ತಿದ್ದರೆ ಯಾರೋ ಹೊಸದಾಗಿ ಬಣ್ಣ ಹಾಕಿಸಿದ್ದಾರೆ.

ಸ್ಯಾನ್ ಹೊಸೆ ಸದಸ್ಯ: ರೇಟ್ ಎಷ್ಟು?

ಮೇಡಂ: ಫೋಟೊ ಇಲ್ಲದೆ ಹೇಳುವುದಿಲ್ಲ.

ಮೈಸೂರು ಸದಸ್ಯ: ಮೇಡಂ, ನಮ್ಮ ಮುತ್ತಜ್ಜ ಮೈಸೂರು ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, 1918ರಲ್ಲಿ ಈಗಿನ ಇಸ್ರೇಲಿನ ಹೈಫಾ ಯುದ್ಧಕ್ಕೆ ಹೋಗಿದ್ದರು. ಅಟ್ಟದ ಟ್ರಂಕಿನಲ್ಲಿ ಪಿಸ್ತೂಲು ಸಿಕ್ಕಿದೆ. ಮೇಲೆ 1917 ಅಂತಿದೆ, ಡಿ.ಡಬ್ಲ್ಯು.ಎಂ. ಅಂತ ಹೆಣೆದ ಅಕ್ಷರ ಇದೆ. ಲೈಸೆನ್ಸ್ ಇಲ್ಲ. ತುಕ್ಕು ಹಿಡಿದಿತ್ತು, ವಾಟ್ಸಾಪ್‌ನಲ್ಲಿ ಬಂದ ಹಾಗೆ ಒಂದು ಪಕ್ಕಕ್ಕೆ ಹುಣಸೆಹಣ್ಣು ತಿಕ್ಕಿದೆ. ಬೆಳ್ಳಗಾಯಿತು.

ಮೇಡಂ: ದಯವಿಟ್ಟು ಇನ್ನು ಮುಟ್ಟಬೇಡಿ. ಇದು ಬರ್ಲಿನ್ನಿನ ಡಿ.ಡಬ್ಲ್ಯು.ಎಂ. ಕಾರ್ಖಾನೆ ತಯಾರಿಸಿದ ಪಿ08, ಅಂದರೆ ಸೈನ್ಯದ ಲೂಗರ್. ಹೈಫಾದಲ್ಲಿ ನಿಮ್ಮವರ ಎದುರಿಗಿದ್ದ ತುರ್ಕರ ಜತೆ ಜರ್ಮನ್ನರೂ ಇದ್ದರು, ಅಲ್ಲಿಂದ ಬಂದಿರಬಹುದು. ಆದರೆ ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯನ್ನು ಮಾತ್ರ ನಂಬಿ ನಾನು ಬೆಲೆ ಕಟ್ಟುವುದಿಲ್ಲ, ಆ ಕಾಲದ ಕಾಗದ, ಫೋಟೊ ಇದ್ದರೆ ಹುಡುಕಿಡಿ. ಅದಕ್ಕಿಂತ ದೊಡ್ಡ ಚಿಂತೆ, ಅದರೊಳಗೆ ಗುಂಡು ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಚೇಂಬರ್, ಅಂದರೆ ಗುಂಡು ಕೂರುವ ಜಾಗದ ಹಿಂದೆ ಮೇಲ್ಗಡೆ ಒಂದು ಸಣ್ಣ ಪಟ್ಟಿ ಇದೆ. ಗುಂಡಿದ್ದರೆ ಅದು ಮೇಲೆದ್ದು, ಪಕ್ಕದಲ್ಲಿ ‘ಗೆಲಾಡೆನ್’ ಎಂಬ ಜರ್ಮನ್ ಪದ ಕಾಣುತ್ತದೆ, ತುಂಬಿದೆ ಎಂದರ್ಥ. ನೂರು ವರ್ಷದ ತುಕ್ಕಿಗೆ ಆ ಪಟ್ಟಿ ಅಂಟಿಕೊಂಡಿರಲೂಬಹುದು, ಕಾಣಲಿಲ್ಲ ಅಂತ ಧೈರ್ಯ ಮಾಡಬೇಡಿ. ಬಿಚ್ಚುವುದಂತೂ ಬೇಡವೇ ಬೇಡ. ಒಳಗೆ ಗುಂಡಿದ್ದರೆ ಮೇಲಿನ ಭಾಗ ಕಳಚಿ ಕೈಗೆ ಬಂದ ಮೇಲೂ ಪಕ್ಕದ ಸಣ್ಣ ಕಡ್ಡಿ ಒತ್ತಿದರೆ ಹಾರುತ್ತದೆ. ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಮಾಡಿ, ಹೀಗೆ ಸಿಕ್ಕಿದೆ ಅಂತ ಹೇಳಿ. ನೀವೇ ಹೊತ್ತುಕೊಂಡು ಹೋಗಬೇಡಿ.

ಹುಬ್ಬಳ್ಳಿ ಸದಸ್ಯ: ಪೊಲೀಸ್ ಯಾಕ್ರಿ? 1917ರದ್ದು ಆ್ಯಂಟಿಕ್, ಲೈಸೆನ್ಸ್ ಬೇಡ.

ಆಸ್ಟಿನ್ ಸದಸ್ಯ: ಇಲ್ಲಿ ಫೆಡರಲ್ ಕಾನೂನಿನಲ್ಲಿ 1898ರವರೆಗೆ ತಯಾರಾದದ್ದು ಮಾತ್ರ ಆ್ಯಂಟಿಕ್. 1917 ಹೇಗೆ ಬರುತ್ತೆ?

ಹುಬ್ಬಳ್ಳಿ ಸದಸ್ಯ: ನಿಮ್ಮ ಅಮೆರಿಕ ಕಾನೂನು ಇಲ್ಲಿ ಯಾಕೆ? ನಮ್ಮ ಗ್ರೂಪಿನಲ್ಲಿ ವಕೀಲರೇ ಹೇಳಿದ್ದಾರೆ.

ಆಸ್ಟಿನ್ ಸದಸ್ಯ: ಹಾಗಾದರೆ ಆ ವಕೀಲರನ್ನೇ ಇಲ್ಲಿ ಕರೆಸಿ. ಯಾರೋ ಜೈಲಿಗೆ ಹೋಗುವ ವಿಷಯ ಇದು.

ಮೇಡಂ: ಇಬ್ಬರೂ ನಿಲ್ಲಿಸಿ. ಭಾರತದ 1959ರ ಆರ್ಮ್ಸ್ ಆ್ಯಕ್ಟ್‌ನಲ್ಲಿ ಹಳೆಯ ಆಯುಧಕ್ಕೆ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರಿಸಲು ಆಗದಿದ್ದರೆ ಮಾತ್ರ. ತುಕ್ಕು ಹಿಡಿದ ಮಾತ್ರಕ್ಕೆ ಅದು ಆಟಿಕೆ ಆಗುವುದಿಲ್ಲ.

ಸ್ಟುಟ್‌ಗಾರ್ಟ್ ಸದಸ್ಯ: ಲೂಗರ್‌ಗೂ ಮೊದಲಿನ ಬೋರ್ಕಾರ್ಟ್ 1893 ಪಿಸ್ತೂಲು ಯಾರಾದರೂ ಕಣ್ಣಾರೆ ನೋಡಿದ್ದೀರಾ?

ಡಾಲಸ್ ಸದಸ್ಯ: ಮೌಸರ್ ಸಿ96, ಹಿಡಿ ಮೇಲೆ ಕೆಂಪು 9 ಕೆತ್ತಿದೆ. ಅಸಲಿನಾ?

ಮೇಡಂ: 1916ರಲ್ಲಿ ಜರ್ಮನ್ ಸೈನ್ಯ ಇವನ್ನು 9 ಎಂಎಂ ಗುಂಡಿಗೆ ಮಾಡಿಸಿತು. ಮಾಮೂಲಿ 7.63ರ ಗುಂಡು ತಪ್ಪಿ ಹಾಕಬಾರದು ಅಂತ ಆ 9. ಹಿಡಿ ಬದಲಿಸುವುದು ಸುಲಭ. ಬ್ಯಾರಲ್ ಅಳತೆ ಮಾಡಿಸಿ.

ಸ್ಯಾನ್ ಹೊಸೆ ಸದಸ್ಯ: ಮೇಡಂ ರೇಟ್?

ಮೇಡಂ: ಮೇಲೆ ಓದಿ.

ಹುಬ್ಬಳ್ಳಿ ಸದಸ್ಯ: ಹುಣಸೆಹಣ್ಣು ಬೇಡ ಅಂದರೆ ಕೋಲಾದಲ್ಲಿ ಒಂದು ರಾತ್ರಿ ನೆನೆಸಿ. ನಮ್ಮ ಮಾವ ಮಾಡಿದ್ದಾರೆ, ಫಳಫಳ.

ಮೇಡಂ: ಹುಳಿ ಯಾವುದಾದರೂ ತುಕ್ಕಿನ ಜತೆ ಮೂಲ ಬಣ್ಣವನ್ನೂ ತಿಂದುಹಾಕುತ್ತದೆ. ಆ ಬಣ್ಣ ಹೋದರೆ ಅರ್ಧ ಬೆಲೆ ಹೋಯಿತು, ಮತ್ತೆ ಬರುವುದಿಲ್ಲ. ಫಾರ್ವರ್ಡ್ ಬಂದಿದ್ದನ್ನೆಲ್ಲ ಇಲ್ಲಿ ಹಾಕಬೇಡಿ, ಎಷ್ಟು ಸಲ ಹೇಳಲಿ?

ಮೈಸೂರು ಸದಸ್ಯ: ಠಾಣೆಗೆ ಫೋನ್ ಮಾಡಿದೆ ಮೇಡಂ, ಬರುತ್ತಿದ್ದಾರಂತೆ. ಅಷ್ಟರಲ್ಲಿ ಕೊಬ್ಬರಿ ಎಣ್ಣೆ ಹಚ್ಚಲಾ?

ಮೇಡಂ: ಏನೂ ಹಚ್ಚಬೇಡಿ. ಆ ಕೋಣೆಗೆ ಬೀಗ ಹಾಕಿ, ಮಕ್ಕಳನ್ನು ಹೊರಗೆ ಕಳಿಸಿ.