ಕೋರೆಹಲ್ಲಿಗೆ ಅರ ಹಾಕಿಸ್ಬೇಡ ತಮ್ಮಾ

ಹೋದ ವಾರದ ಪತ್ರ: "ನಾನು ರಕ್ತಪಿಶಾಚಿ, ವಯಸ್ಸು 214, ದಾವಣಗೆರೆ ವಿದ್ಯಾನಗರದಲ್ಲಿ ಬಾಡಿಗೆ ರೂಮು. ಮನುಷ್ಯರ ಜೊತೆ ಬೆರೀಬೇಕು ಅಂತ ಆಸೆ, ಆದ್ರೆ ಯಾರಾದ್ರೂ ಒಳಗೆ ಬಾ ಅನ್ನದೆ ಹೊಸಿಲು ದಾಟೋಕಾಗಲ್ಲ, ಬಾಯಿ ಬಿಟ್ಟು ನಗೋಕೂ ನಾಚಿಕೆ. ಕೋರೆಹಲ್ಲು ಉಜ್ಜಿಸಿ ಸಣ್ಣ ಮಾಡಿಸ್ಲಾ?"

ಅಣ್ಣಾ, ನಾನು ಇಲ್ಲೇ ಬಿಡಿಎಸ್ ಥರ್ಡ್ ಇಯರ್. ಎನಾಮೆಲ್ ಅಂದ್ರೆ ಹಲ್ಲಿನ ಮೇಲಿನ ಗಟ್ಟಿ ಪದರ, ಅದು ಒಂದ್ಸಲ ಹೋದ್ರೆ ಮತ್ತೆ ಬೆಳೆಯಲ್ಲ, ಕೋರೆಹಲ್ಲಿನ ಬೇರು ಬಾಯಲ್ಲಿ ಎಲ್ಲಕ್ಕಿಂತ ಉದ್ದ, ಮೇಲೆ ಉಜ್ಜಿದ್ರೆ ಒಳಗಿಂದೇನೂ ಹೋಗಲ್ಲ, ಆಮೇಲೆ ತಣ್ಣಗಿಂದು ಕುಡಿದ್ರೆ ಜುಮ್ಮಂತ ಜೀವ ಹೋಗುತ್ತೆ, ನಿಮಗೆ ಜೀವ ಹೋಗಲ್ಲ ಅನ್ನೋದು ಬೇರೆ ಮಾತು.
— ಸ್ಟೂಡೆಂಟ್, ದಾವಣಗೆರೆ

ನಮ್ಮಪ್ಪ ಮಂಡಕ್ಕಿ ಭಟ್ಟಿ ಕೆಲ್ಸದೋರು ರೀ. ನಸುಕಿನಾಗ ಎದ್ದು ಹೋಗೋರು, ಕಾದ ಉಸುಕಿನಾಗ ಅಕ್ಕಿ ಸುರುವಿದ್ರೆ ಚಟಪಟ ಅಂತ ಅರಳ್ತಿತ್ತು, ಅಪ್ಪನ ಹುಬ್ಬೆಲ್ಲಾ ಬೂದಿ, ಕಣ್ಣು ಕೆಂಪು, ಮನೀಗೆ ಬಂದು ಕಿಟಕಿಗೆ ಚಾದರ ಕಟ್ಟಿ ಮಲಗಿದ್ರೆ ಓಣಿ ಹುಡುಗ್ರು ದೆವ್ವ ಮಲಗೈತಿ ಅಂತ ಓಡೋರು. ನಾನೂ ಅವ್ರ ಜೊತಿ ಓಡಿದೀನಿ, ಅದು ಈಗ್ಲೂ ಚುಚ್ಚತೈತಿ. ಸಂಜೀಗೆ ಅದೇ ಹುಡುಗ್ರು ಅಪ್ಪನ ಕೈಯಿಂದ ಮಂಡಕ್ಕಿ ಇಸ್ಕೊಂಡು ತಿನ್ನೋರು. ನೀವು ಹಗಲಿನ ಜನಾನ ಯಾಕ್ ಹುಡುಕ್ತೀರಿ, ಭಟ್ಟಿ ಕಡೆ ಬರ್ರಿ, ಹೊಗ್ಯಾಗ ಯಾರ್ ಮುಖಾನೂ ನೆಟ್ಟಗೆ ಕಾಣಲ್ಲ, ಕನ್ನಡಿನೂ ಇಲ್ಲ.
— ಭಟ್ಟಿಯವನ ಮಗ

ಬ್ಲಡ್ ಬ್ಯಾಂಕ್ ಕಡೆ ಮಾತ್ರ ಬರ್ಬೇಡಿ ಸಾರ್. ಒಬ್ರಿಂದ ತಗೊಳ್ಳೋದು 350 ಇಲ್ಲಾ 450 ಎಂಎಲ್, ಪದೇ ಪದೇ ರಕ್ತ ಹಾಕಿಸ್ಕೋಬೇಕಾದ ತಲಸ್ಸೀಮಿಯಾ ಮಕ್ಳಿಗೇ ಸಾಲಲ್ಲ.
— ಲ್ಯಾಬ್ ಟೆಕ್ನೀಷಿಯನ್

ತಮ್ಮಾ (214 ವರ್ಷದೋನಿಗೆ ತಮ್ಮಾ ಅನ್ಬೋದಾ ಗೊತ್ತಿಲ್ಲ), ನಮ್ಮ ಕಡೆ ಹಳೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರ್ದಿರ್ತಾರೆ, ನೀನು ಅದನ್ನ ಓದ್ಕೊಂಡು ದಿನಾ ವಾಪಸ್ ಹೋಗಿರ್ತೀಯ ಪಾಪ. ಆದ್ರೆ ದುರ್ಗದ ಕೋಟೆ ಮೇಲೆ ಹಿಡಿಂಬೇಶ್ವರನ ಗುಡಿ ಐತೆ, ರಾಕ್ಷಸನ ಹೆಸ್ರಿನ ದೇವ್ರು, ಹಿಡಿಂಬನ ಹಲ್ಲೂ ಅಲ್ಲೈತೆ ಅಂತ ನಮ್ಮಜ್ಜಿ ಹೇಳೋರು. ಹಲ್ಲಿಗೆ ಕೈ ಮುಗಿದು ಬೆಳೆದೋಳಿಗೆ ನಿನ್ನೆರಡು ಕೋರೆ ಯಾವ ಲೆಕ್ಕ. ಇನ್ನು ರಕ್ತ ಅಂತೀಯಾ, ನಮ್ಮನೇಲಿ ಕುರಿ ಕಡಿದ್ರೆ ರಕ್ತಾನೂ ಬಿಡಲ್ಲ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಹುರೀತೀವಿ, ನಮ್ಮೆಜಮಾನ್ರು ಬಾಂಡ್ಲಿ ತಳಕ್ಕೂ ಜಗಳ ಆಡ್ತಾರೆ. ಭಾನುವಾರ ಕತ್ಲಾದ್ಮೇಲೆ ಬಾ. ಬಾಗಿಲ ಬರಹ ಅಳಿಸೋಕಾಗಲ್ಲ, ಅತ್ತೆ ಬೈತಾರೆ, ನಾನೇ ಹೊರಗೆ ಬಂದು ಕರೀತೀನಿ. ಬೆಳ್ಳುಳ್ಳಿ ಹಾಕಲ್ಲ.
— ಅಕ್ಕ, ಚಿತ್ರದುರ್ಗ