ಸಿಲಿಂಡರ್ ಒಂದೇ ಬಗೆ, ಅಳತೆ ಮಾತ್ರ ಪ್ರತಿ ಸಲ ಬೇರೆ: ಪ್ಯಾರಾಮೆಟ್ರಿಕ್ ಮಾದರಿ ಕಟ್ಟಿದವರ ಅನುಭವ

ಪ್ರಶ್ನೆ (ಬೆಳಗಾವಿಯಿಂದ)

ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಹೈಡ್ರಾಲಿಕ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ರಾಡನ್ನು ತಳ್ಳುವ ಸಾಧನ) ಘಟಕವಿದೆ. ಬರುವ ಆರ್ಡರುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವಾದರೂ ಸ್ಟ್ರೋಕ್ (ರಾಡ್ ಚಲಿಸುವ ದೂರ) ಮತ್ತು ಮೌಂಟಿಂಗ್ (ಯಂತ್ರಕ್ಕೆ ಕೂರಿಸುವ ಬಗೆ) ಪ್ರತಿ ಸಲವೂ ಬೇರೆಯಾಗಿರುತ್ತವೆ. ಹಳೆಯ ಡ್ರಾಯಿಂಗನ್ನು ನಕಲು ಮಾಡಿ ಅಳತೆ ತಿದ್ದುವುದು ಇಲ್ಲಿಯವರೆಗಿನ ರೂಢಿ. ಕಳೆದ ತಿಂಗಳು ರಾಡಿನ ಉದ್ದವನ್ನು ತಿದ್ದಿ ಟ್ಯೂಬಿನದನ್ನು ಮರೆತದ್ದರಿಂದ ಆರು ಟ್ಯೂಬುಗಳು ಗಿಡ್ಡವಾಗಿ ಕತ್ತರಿಸಲ್ಪಟ್ಟು ಗುಜರಿಗೆ ಹೋದವು. ಒಂದು ಅಳತೆ ಬದಲಿಸಿದರೆ ಅದಕ್ಕೆ ಕಟ್ಟಿದ ಉಳಿದವೂ ತಾವಾಗಿಯೇ ಬದಲಾಗುವ ಕಂಪ್ಯೂಟರ್ ವಿನ್ಯಾಸಕ್ಕೆ, ಅಂದರೆ ಪ್ಯಾರಾಮೆಟ್ರಿಕ್ ಕ್ಯಾಡ್‌ಗೆ, ಬದಲಾಗಬೇಕೆಂದಿದ್ದೇವೆ. ಮಾಡಿದವರು ಎಲ್ಲಿಂದ ಆರಂಭಿಸಿದಿರಿ, ಎಲ್ಲಿ ಎಡವಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಸಿಲಿಂಡರ್ ವಿನ್ಯಾಸಕ, ಬೆಂಗಳೂರು

ಸರ್, ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ದಿನವನ್ನು ಕಾಗದಕ್ಕೆ ಕೊಡಿ. ಸಿಲಿಂಡರಿನ ಪ್ರತಿಯೊಂದು ಅಳತೆಯನ್ನೂ ಬರೆದು, ಅದನ್ನು ಯಾರು ನಿರ್ಧರಿಸುತ್ತಾರೆ ಎಂದು ಅದರ ಎದುರಿಗೆ ಗುರುತು ಹಾಕಿ. ಬೋರ್ (ಟ್ಯೂಬಿನ ಒಳವ್ಯಾಸ), ರಾಡ್, ಸ್ಟ್ರೋಕ್, ಮೌಂಟಿಂಗ್, ಒತ್ತಡ ಇವು ಗ್ರಾಹಕರ ಆಯ್ಕೆಗಳು. ಟ್ಯೂಬಿನ ಹೊರವ್ಯಾಸವನ್ನು ನಿಮ್ಮ ಸ್ಟೋರ್ಸಿನಲ್ಲಿರುವ ಟ್ಯೂಬು ನಿರ್ಧರಿಸುತ್ತದೆ, ಸೀಲ್ (ಎಣ್ಣೆ ಸೋರದಂತೆ ತಡೆಯುವ ಉಂಗುರ) ಕೂರುವ ತೋಡಿನ ಅಳತೆಯನ್ನು ಸೀಲ್ ತಯಾರಕರ ಕ್ಯಾಟಲಾಗು ನಿರ್ಧರಿಸುತ್ತದೆ. ಉಳಿದವು ಇವುಗಳಿಂದ ತಾವಾಗಿಯೇ ಹುಟ್ಟುವಂಥವು. ಆರ್ಡರ್ ಬಂದಾಗ ಮೊದಲನೆಯ ಗುಂಪನ್ನು ಮಾತ್ರ ಕೈಯಿಂದ ತುಂಬುವಂತಿರಬೇಕು.

ಯಾವುದಕ್ಕೆ ಸೂತ್ರ ಬರೆಯಬೇಕು, ಯಾವುದಕ್ಕೆ ಕೋಷ್ಟಕ ಇಡಬೇಕು ಎಂಬಲ್ಲಿ ಹೊಸಬರು ಹೆಚ್ಚಾಗಿ ತಪ್ಪುತ್ತಾರೆ. ಟ್ಯೂಬಿನ ಉದ್ದಕ್ಕೆ ಸೂತ್ರವೇ ಸರಿ: ಸ್ಟ್ರೋಕ್, ಪಿಸ್ಟನ್ನಿನ ಅಗಲ, ಗ್ಲ್ಯಾಂಡ್ (ರಾಡ್ ಹೊರಬರುವ ತುದಿಯ ಮುಚ್ಚಳ) ಒಳಗೆ ಕೂರುವ ಭಾಗ, ಕೊನೆಯ ಅಂತರ ಇವುಗಳ ಮೊತ್ತ. ರಾಡಿನ ಉದ್ದವೂ ಅದೇ ಸ್ಟ್ರೋಕಿಗೆ ಕಟ್ಟಿಕೊಂಡಿದ್ದರೆ ನಿಮ್ಮ ಆರು ಟ್ಯೂಬುಗಳ ನಷ್ಟ ಮತ್ತೆ ಆಗುವುದಿಲ್ಲ. ಆದರೆ ಸೀಲಿನ ತೋಡನ್ನು ಬೋರಿನ ಇಂತಿಷ್ಟು ಭಾಗ ಎಂದು ಸೂತ್ರದಲ್ಲಿ ಬರೆಯಬೇಡಿ. ಅದು ಬೋರಿನೊಂದಿಗೆ ಸಮನಾಗಿ ಬೆಳೆಯದೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ, ಮತ್ತು ಸೂತ್ರ ಕೊಟ್ಟ ಅಳತೆಗೆ ಸೀಲು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಬೋರಿಗೆ ಒಂದರಂತೆ ಸಾಲು ಮಾಡಿ, ಕ್ಯಾಟಲಾಗಿನ ಅಳತೆಗಳನ್ನು ಅಲ್ಲಿ ತುಂಬಿ.

ಬೋರನ್ನೂ ಇಷ್ಟಬಂದಂತೆ ಟೈಪ್ ಮಾಡಲು ಬಿಡಬಾರದು. 25, 32, 40, 50, 63, 80, 100, 125 ಮಿ.ಮೀ. ಎಂಬ ಪಟ್ಟಿಯಿಂದಲೇ ಆರಿಸುವಂತಿರಲಿ. ಈ ಪಟ್ಟಿಯಲ್ಲಿ ಪ್ರತಿ ಸಂಖ್ಯೆಯೂ ಹಿಂದಿನದರ ಸುಮಾರು 1.25 ಪಟ್ಟು ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಸೇನೆಯ ಎಂಜಿನಿಯರ್ ಚಾರ್ಲ್ಸ್ ರೆನಾರ್ ಬಲೂನುಗಳ ಹಗ್ಗಗಳಲ್ಲಿದ್ದ 425 ಅಳತೆಗಳನ್ನು 17ಕ್ಕೆ ಇಳಿಸಲು ಬಳಸಿದ ಕ್ರಮದಿಂದಲೇ ಈ ಸರಣಿ ಬಂದಿದೆ. ಬಗೆಗಳನ್ನು ಹೆಚ್ಚಿಸುವುದು ಮಾದರಿಗೆ ಸುಲಭ, ಆದರೆ ಹೆಚ್ಚಿದ ಪ್ರತಿಯೊಂದು ಬಗೆಗೂ ಟ್ಯೂಬು, ಸೀಲು, ಗೇಜುಗಳ ಖರ್ಚನ್ನು ಹೊರುವವರು ನೀವು.

ನಾನು ಎಡವಿದ್ದನ್ನೂ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಘಟಕದಲ್ಲಿ 63 ಬೋರಿನ ಮಾದರಿಯೊಂದನ್ನು ಮಾಡಿದ್ದೆ. ಸ್ಟ್ರೋಕಿಗೆ ಯಾವ ಸಂಖ್ಯೆ ಕೊಟ್ಟರೂ ತಕರಾರಿಲ್ಲದೆ ಹೊಸ ಆಕಾರ ಬರುತ್ತಿತ್ತು. ಉದ್ದನೆಯ ಸ್ಟ್ರೋಕಿನ ಆರ್ಡರೊಂದಕ್ಕೆ 28 ಮಿ.ಮೀ. ರಾಡನ್ನೇ ಉಳಿಸಿಕೊಂಡು ಡ್ರಾಯಿಂಗ್ ತೆಗೆದುಕೊಟ್ಟೆವು. ಗ್ರಾಹಕರ ಯಂತ್ರದಲ್ಲಿ ಆ ರಾಡ್ ಬಾಗಿತು. ಮಾದರಿಗೆ ಆಕಾರ ಮಾತ್ರ ತಿಳಿಯುತ್ತದೆ, ಬಲ ತಿಳಿಯುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 160 ಬಾರ್ ಒತ್ತಡದಲ್ಲಿ 63 ಬೋರಿನ ತಳ್ಳುವ ಬಲ ಸುಮಾರು 50 ಕಿಲೋನ್ಯೂಟನ್. ಎರಡೂ ತುದಿಗಳಲ್ಲಿ ಪಿನ್ ಇದ್ದು, ಆಯ್ಲರ್ ಸೂತ್ರಕ್ಕೆ (ಉದ್ದನೆಯ ದಂಡ ಎಷ್ಟು ಬಲಕ್ಕೆ ಬಾಗುತ್ತದೆ ಎಂದು ಹೇಳುವ ಸೂತ್ರ) 3.5 ಪಟ್ಟು ಸುರಕ್ಷತೆ ಇಟ್ಟು ಲೆಕ್ಕ ಹಾಕಿದರೆ, ಸಿಲಿಂಡರ್ ಪೂರ್ತಿ ಚಾಚಿದಾಗ ಪಿನ್‌ನಿಂದ ಪಿನ್‌ಗೆ ಇರುವ ಅಂತರ 28ರ ರಾಡಿಗೆ ಸುಮಾರು 600 ಮಿ.ಮೀ., 36ಕ್ಕೆ 990, 45ಕ್ಕೆ 1,550 ಮೀರಬಾರದು. ಈಗ ನನ್ನ ಕೋಷ್ಟಕದಲ್ಲಿ ಇದಕ್ಕೊಂದು ಕಾಲಂ ಇದೆ; ಮಿತಿ ದಾಟಿದರೆ ಆ ಸಾಲು ಕೆಂಪಾಗುತ್ತದೆ, ಕೆಂಪು ಸಾಲಿನಿಂದ ಡ್ರಾಯಿಂಗ್ ತೆಗೆಯುವುದಿಲ್ಲ. ಸ್ಟ್ರೋಕ್ ತೀರ ಚಿಕ್ಕದಾದಾಗ ಎಣ್ಣೆಯ ಪೋರ್ಟು ಟ್ರನಿಯನ್ನಿಗೆ (ಸಿಲಿಂಡರನ್ನು ಹಿಡಿದು ತೂಗಲು ಬಿಡುವ ಪಕ್ಕದ ಪಿನ್ನುಗಳಿಗೆ) ತಗುಲುವುದಕ್ಕೂ ಅಂಥದೇ ತಪಾಸಣೆ ಇಡಿ.

ಉತ್ತರ: ಶೀಟ್ ಮೆಟಲ್ ಘಟಕ, ಪೀಣ್ಯ

ನಾವು ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳನ್ನು ಮಾಡುವವರು. ಎತ್ತರ, ಅಗಲ, ಆಳ ಕೊಟ್ಟರೆ ಹಾಳೆಯ ಬಿಡಿಸಿದ ಆಕಾರವೂ ಲೇಸರ್ ಕಟಿಂಗ್ ಫೈಲೂ ಸಿದ್ಧವಾಗುತ್ತವೆ. ಸೀಲಿಗೆ ಸೂತ್ರ ಬೇಡ, ಕೋಷ್ಟಕ ಇಡಿ ಎಂದು ಮೇಲಿನವರು ಹೇಳಿದ ಮಾತು ನಮ್ಮಲ್ಲಿ ಬೆಂಡಿಂಗಿಗೆ ಅನ್ವಯಿಸುತ್ತದೆ. 2 ಮಿ.ಮೀ. ಹಾಳೆಯನ್ನು 2 ಮಿ.ಮೀ. ಒಳತ್ರಿಜ್ಯದಲ್ಲಿ 90 ಡಿಗ್ರಿ ಬಗ್ಗಿಸುವಾಗ ಕೆ-ಫ್ಯಾಕ್ಟರ್ (ಬಗ್ಗಿಸಿದಾಗ ಉದ್ದ ಬದಲಾಗದ ಪದರ ಒಳಮುಖದಿಂದ ದಪ್ಪದ ಎಷ್ಟು ಭಾಗದಲ್ಲಿದೆ ಎಂಬ ಅನುಪಾತ) 0.5 ಎಂದಿಟ್ಟರೆ ಬಾಗಿನ ಉದ್ದ 4.71 ಮಿ.ಮೀ., 0.4 ಎಂದಿಟ್ಟರೆ 4.40. ನಾಲ್ಕು ಬಾಗುಗಳಿರುವ ಭಾಗದಲ್ಲಿ ಒಂದೂಕಾಲು ಮಿ.ಮೀ. ವ್ಯತ್ಯಾಸ ಸೇರಿ ಬಾಗಿಲು ಕೂರುವುದೇ ಇಲ್ಲ. ಸಾಫ್ಟ್‌ವೇರ್ ಕೊಟ್ಟ ಸಂಖ್ಯೆಯನ್ನು ನಂಬದೆ, ನಮ್ಮದೇ ಪ್ರೆಸ್ ಬ್ರೇಕಿನಲ್ಲಿ ಪಟ್ಟಿಗಳನ್ನು ಬಗ್ಗಿಸಿ, ಅಳೆದು, ದಪ್ಪಕ್ಕೂ ಡೈಗೂ ಬೇರೆ ಬೇರೆ ಮೌಲ್ಯಗಳನ್ನು ಬರೆದಿಟ್ಟೆವು. ನೀವೂ ನಿಮ್ಮ ಯಂತ್ರಗಳು ನಿಜವಾಗಿ ಕೊಡುವ ಅಳತೆಗಳನ್ನೇ ಕೋಷ್ಟಕಕ್ಕೆ ತನ್ನಿ.

ಉತ್ತರ: ವಾಲ್ವ್ ವಿನ್ಯಾಸಕಿ, ಹುಬ್ಬಳ್ಳಿ

ದುಡ್ಡಿನ ಚಿಂತೆಯಿದ್ದರೆ ಉಚಿತ ಕ್ಯಾಡ್ ಸಾಫ್ಟ್‌ವೇರ್ ಆದ ಫ್ರೀಕ್ಯಾಡ್‌ನಲ್ಲಿ ಆರಂಭಿಸಬಹುದು. ಅದರೊಳಗಿನ ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಕೋಶಕ್ಕೂ ಹೆಸರು ಕೊಟ್ಟು, ಆ ಹೆಸರನ್ನೇ ಸ್ಕೆಚ್ಚಿನ ಅಳತೆಯಲ್ಲಿ ಬಳಸಬಹುದು. ಅಳತೆ ಬದಲಾದಾಗ ಮುಖಗಳ ಆಂತರಿಕ ಹೆಸರುಗಳು ಬದಲಾಗಿ, ರಂಧ್ರವೊಂದು ಬೇರೆ ಮುಖಕ್ಕೆ ಜಿಗಿಯುವ ತೊಂದರೆ ಅದರಲ್ಲಿ ಬಹುಕಾಲ ಇತ್ತು; 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ಬಹಳಷ್ಟು ಕಡಿಮೆಯಾಗಿದೆ. ಆದರೂ ಸ್ಕೆಚ್ಚುಗಳನ್ನು ಭಾಗದ ಮುಖಕ್ಕೆ ಅಂಟಿಸದೆ ಆಧಾರ ಸಮತಲಗಳಿಗೆ ಕಟ್ಟುವುದೇ ಒಳ್ಳೆಯ ಅಭ್ಯಾಸ, ಯಾವ ಸಾಫ್ಟ್‌ವೇರ್ ಆದರೂ ಸರಿ. ಇನ್ನೊಂದು ಮಾತು: ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್‌ಗಳು ಓದಬಲ್ಲ ಸ್ಟೆಪ್ ಫೈಲಿನಲ್ಲಿ ಆಕಾರ ಹೋಗುತ್ತದೆಯೇ ಹೊರತು ನಿಮ್ಮ ಸೂತ್ರಗಳು ಹೋಗುವುದಿಲ್ಲ. ಮುಂದೆ ಸಾಫ್ಟ್‌ವೇರ್ ಬದಲಿಸಿದರೆ ಮಾದರಿಯನ್ನು ಮತ್ತೆ ಕಟ್ಟಬೇಕಾಗುತ್ತದೆ. ಆದ್ದರಿಂದ ಕೋಷ್ಟಕದ ಒಂದು ಪ್ರತಿಯನ್ನು ಸಾಫ್ಟ್‌ವೇರಿನ ಹೊರಗೂ ಇಟ್ಟುಕೊಳ್ಳಿ.

ಮರುಪ್ರಶ್ನೆ (ಬೆಳಗಾವಿಯಿಂದ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಮೂಲ ಮಾದರಿಯನ್ನು ತಿದ್ದಿದ ಮೇಲೆ ಎರಡು ವರ್ಷದ ಹಿಂದಿನ ಸಿಲಿಂಡರಿಗೆ ರಾಡ್ ಬೇಕೆಂದು ಗ್ರಾಹಕರು ಬಂದರೆ ಏನು ಮಾಡುತ್ತೀರಿ? ಮತ್ತು ಮೊದಲು ಯಾವ ಅಳತೆಯಿಂದ ಆರಂಭಿಸಲಿ?

ಉತ್ತರ: ಸಿಲಿಂಡರ್ ವಿನ್ಯಾಸಕ, ಬೆಂಗಳೂರು

ಆರ್ಡರ್ ಕಳುಹಿಸಿದ ದಿನವೇ ಅದರ ಡ್ರಾಯಿಂಗಿನ ಪಿಡಿಎಫ್, ಸ್ಟೆಪ್ ಫೈಲು, ಕೋಷ್ಟಕದ ಆ ಸಾಲು, ಮೂಲ ಮಾದರಿಯ ಆವೃತ್ತಿ ಸಂಖ್ಯೆ ಈ ನಾಲ್ಕನ್ನೂ ಆರ್ಡರಿನ ಹೆಸರಿನಲ್ಲಿ ತೆಗೆದಿಟ್ಟು ಬೀಗ ಹಾಕುತ್ತೇವೆ. ಹಳೆಯ ಸಿಲಿಂಡರಿನ ಬಿಡಿಭಾಗಕ್ಕೆ ಹೊಸ ಮಾದರಿಯಿಂದ ಡ್ರಾಯಿಂಗ್ ತೆಗೆಯುವುದೇ ಇಲ್ಲ.

ನೀವು ಹೆಚ್ಚು ಮಾರುವ ಒಂದೇ ಬೋರಿನಿಂದ, ಒಂದೇ ಮೌಂಟಿಂಗಿನಿಂದ ಆರಂಭಿಸಿ. ಮಾದರಿ ಸಿದ್ಧವಾದ ಮೇಲೆ ಹಳೆಯ ಹತ್ತು ಆರ್ಡರುಗಳನ್ನು ಅದರಿಂದಲೇ ಮತ್ತೆ ತೆಗೆದು, ಒಂದೊಂದು ಅಳತೆಯನ್ನೂ ಹಳೆಯ ಡ್ರಾಯಿಂಗಿನೊಡನೆ ಹೋಲಿಸಿ. ಹೋಲಿಸುವಾಗ ಆಫೀಸಿನಲ್ಲಿರುವ ಪ್ರತಿಯನ್ನಲ್ಲ, ಲೇತಿನ ಪಕ್ಕದಲ್ಲಿ ಎಣ್ಣೆ ಹತ್ತಿ ಬಿದ್ದಿರುವ ಪ್ರತಿಯನ್ನು ತನ್ನಿ. ನಮ್ಮಲ್ಲಿ ಗ್ಲ್ಯಾಂಡಿನ ಥ್ರೆಡ್ಡಿನ ಉದ್ದವನ್ನು ಟರ್ನರ್ ವರ್ಷಗಳಿಂದ ಪೆನ್ಸಿಲಿನಲ್ಲಿ ತಿದ್ದಿಕೊಂಡು 3 ಮಿ.ಮೀ. ಹೆಚ್ಚಾಗಿಯೇ ಮಾಡುತ್ತಿದ್ದರು, ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆ ಅಳತೆಯನ್ನು ಕೋಷ್ಟಕಕ್ಕೆ ಏರಿಸಿದೆವು.