ಆಗಮನ ಕಾಲ ಮುಗಿಯುವ ಮೊದಲೇ ಕ್ರಿಸ್ಮಸ್ ಮುಗಿದುಹೋಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಲಷ್ಕರ್ ಮೊಹಲ್ಲಾದ ಗೃಹಿಣಿ, ಮೈಸೂರು

ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲ 2025ರಲ್ಲಿ ನವೆಂಬರ್ 30ರ ಭಾನುವಾರ ಆರಂಭವಾಗುತ್ತದೆ. ಆದರೆ ಅಶೋಕ ರಸ್ತೆಯ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು ಈಗಾಗಲೇ ತೂಗಾಡುತ್ತಿವೆ. ಮಗಳ ಶಾಲೆಯಲ್ಲಿ ಡಿಸೆಂಬರ್ 12ಕ್ಕೆ ಕ್ರಿಸ್ಮಸ್ ಕಾರ್ಯಕ್ರಮ, ಯಜಮಾನರ ಕಚೇರಿಯಲ್ಲಿ 18ಕ್ಕೆ ಕೇಕ್. ಕಳೆದ ವರ್ಷ ಸಂತ ಫಿಲೋಮಿನಾ ಪ್ರಧಾನಾಲಯದ ರಾತ್ರಿ ಪೂಜೆಗೆ ಹೊರಡುವ ಹೊತ್ತಿಗೆ ನಮಗೆ ಹಾಡೂ ಸಾಕಾಗಿತ್ತು, ಸಿಹಿಯೂ ಸಾಕಾಗಿತ್ತು. 26ರ ಬೆಳಿಗ್ಗೆ ಮಗಳು "ಇನ್ನು ನಕ್ಷತ್ರ ಇಳಿಸೋಣವೇ ಅಮ್ಮ?" ಎಂದು ಕೇಳಿದಾಗ ಮನಸ್ಸಿಗೆ ಚುಚ್ಚಿದಂತಾಯಿತು. ಈ ವರ್ಷ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಂತೆ, ಸಿಹಿ, ಅಲಂಕಾರ ಎರಡನ್ನೂ 24ರವರೆಗೆ ನಿಲ್ಲಿಸಿಬಿಡಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ 1: ನಿವೃತ್ತ ಧರ್ಮೋಪದೇಶಕ, ಮಂಡ್ಯ

ಸಹೋದರಿ, ತಮ್ಮ ಕಳವಳ ಸರಿಯಾದದ್ದು, ಆದರೆ ಮದ್ದು ಸ್ವಲ್ಪ ಖಾರವಾಯಿತು. 5ನೆಯ ಶತಮಾನದಲ್ಲಿ ಫ್ರಾನ್ಸಿನ ತೂರ್ ನಗರದ ಬಿಷಪ್ ಪೆರ್ಪೆತುಸರು ಸಂತ ಮಾರ್ಟಿನರ ಹಬ್ಬದಿಂದ, ಅಂದರೆ ನವೆಂಬರ್ 11ರಿಂದ, ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿದ್ದುಂಟು. ಆದರೂ ಇಂದಿನ ಧರ್ಮಸಭೆ ಈ ಕಾಲವನ್ನು ಸಂತೋಷದ ನಿರೀಕ್ಷೆಯೆಂದೇ ಕರೆಯುತ್ತದೆ. ಪೂಜೆಯಲ್ಲಿಯೇ ಗಮನಿಸಿ: ಭಾನುವಾರಗಳಲ್ಲಿ ಮಹಿಮಾ ಗೀತೆಯನ್ನು ಬಿಡುತ್ತೇವೆ, ಆದರೆ ತಪಸ್ಸುಕಾಲದಲ್ಲಿ ಕೇಳಿಸದ ಅಲ್ಲೆಲೂಯ ಎಂಬ ಸ್ತುತಿಘೋಷ ಈಗ ಉಳಿದಿರುತ್ತದೆ. ಮೂರನೆಯ ಭಾನುವಾರ, ಈ ಬಾರಿ ಡಿಸೆಂಬರ್ 14ರಂದು, ಗುರುಗಳು ನೇರಳೆಯ ಬದಲು ಗುಲಾಬಿ ಬಣ್ಣದ ಪೂಜಾವಸ್ತ್ರವನ್ನು ಧರಿಸಬಹುದು.

ತಾವು ನಿಲ್ಲಿಸುವುದಕ್ಕಿಂತ ಸೇರಿಸುವುದನ್ನು ಯೋಚಿಸಿ. ಡಿಸೆಂಬರ್ 16ರವರೆಗಿನ ವಾಚನಗಳು ಪ್ರಭುವಿನ ಪುನರಾಗಮನವನ್ನೂ ಅವರಿಗೆ ದಾರಿ ಸಿದ್ಧಮಾಡಿದ ಸ್ನಾನಿಕ ಯೊವಾನ್ನರನ್ನೂ ಕುರಿತವು. 17ರಂದು ಮತ್ತಾಯನ ಶುಭಸಂದೇಶದಿಂದ ಯೇಸುವಿನ ವಂಶಾವಳಿ ಬರುತ್ತದೆ, ಅಲ್ಲಿಂದ ಮುಂದೆ ದಿನದಿನಕ್ಕೂ ಬೆತ್ಲೆಹೇಮು ಹತ್ತಿರವಾಗುತ್ತದೆ. ಆ ಎಂಟು ರಾತ್ರಿ ಊಟಕ್ಕೆ ಮೊದಲು ಆಯಾ ದಿನದ ಶುಭಸಂದೇಶವನ್ನು ಮಗಳಿಂದಲೇ ಓದಿಸಿ. ಆ ಹೊತ್ತಿಗೇ ಧನುರ್ಮಾಸವೂ ಶುರುವಾಗಿರುತ್ತದೆ. ನಮ್ಮ ಪಕ್ಕದ ಮನೆಯವರು ಮದುವೆಮುಂಜಿಗಳನ್ನೆಲ್ಲ ಮುಂದಕ್ಕೆ ಹಾಕಿ, ಮಾಗಿಯ ಚಳಿಯಲ್ಲಿ ನಸುಕಿಗೇ ಎದ್ದು ಹುಗ್ಗಿ ಬೇಯಿಸಿ ಪೂಜೆ ಮುಗಿಸುತ್ತಾರೆ. ಅವರ ಅಡುಗೆಮನೆಯ ದೀಪ ಕಂಡಾಗಲೆಲ್ಲ ನನಗೆ ನನ್ನ ಸೋಮಾರಿತನದ ಬಗ್ಗೆ ನಾಚಿಕೆಯಾಗುತ್ತದೆ.

ಉತ್ತರ 2: ಕ್ಯಾರಲ್ ತಂಡದವನು, ಮೈಸೂರು

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲ ತಪ್ಪನ್ನೂ ಅಂಗಡಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಡಿಸೆಂಬರ್ ಎರಡನೆಯ ವಾರದಲ್ಲಿಯೇ ಮನೆಮನೆಗೆ ಹೋಗಿ "ಪ್ರಭು ಹುಟ್ಟಿದರು" ಎಂದು ಹಾಡುವವರು ನಾವೇ. ಕ್ರಿಸ್ಮಸ್ ಕಾಲ ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಇರುವಾಗ, ಆ ಭೇಟಿಗಳನ್ನು 26ರ ನಂತರ ಇಟ್ಟುಕೊಳ್ಳೋಣವೆಂದು ನಾನು ಸೂಚಿಸಿದೆ. ಆಗ ಎಲ್ಲರೂ ಊರಿಗೆ ಹೋಗಿರುತ್ತಾರೆ ಎಂಬ ಉತ್ತರ ಬಂತು, ಅದೂ ಸುಳ್ಳಲ್ಲ. ಮನೆಯ ಮಟ್ಟಿಗೆ ನಾವು ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ ಮಾದರಿಯನ್ನು) ಬೇಗನೆ ಕಟ್ಟಿದರೂ ಬಾಲಯೇಸುವಿನ ಸ್ಥಳವನ್ನು 24ರ ರಾತ್ರಿಯವರೆಗೆ ಖಾಲಿ ಬಿಡುತ್ತೇವೆ. ಮೂವರು ಜ್ಞಾನಿಗಳು ಕಿಟಕಿಯಿಂದ ಹೊರಟು, ಟಿವಿ ಮೇಜನ್ನು ದಾಟಿ, ಜನವರಿಯಲ್ಲಿ ಬಂದು ಸೇರುತ್ತಾರೆ.

ಆಗಮನ ಕಾಲದ ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಯ ವೃತ್ತಕ್ಕೆ ನೇರಳೆ ಬತ್ತಿ ಸಿಗದಿದ್ದರೆ ಚಿಂತೆ ಬೇಡ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳಿಗಾಗಿ ಇದನ್ನು ಆರಂಭಿಸಿದ ಪಾದ್ರಿ ವಿಖರ್ನ್, ಗಾಡಿಯ ಚಕ್ರದ ಮೇಲೆ ಭಾನುವಾರಗಳಿಗೆ ಬಿಳಿಯ, ಉಳಿದ ದಿನಗಳಿಗೆ ಕೆಂಪು ಬತ್ತಿಗಳನ್ನು ಇಟ್ಟಿದ್ದರು. ಹಸಿರಿಗೆ ಸರ್ವೆ ಮರದ ಕೊಂಬೆ ಸಾಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಶಾಲೆಯ ಕಾರ್ಯಕ್ರಮಕ್ಕೆ ಮಗಳನ್ನು ಕಳುಹಿಸುತ್ತೇನೆ, ಅಲ್ಲಿ ಅವಳಿಗೆ ದೇವದೂತನ ಪಾತ್ರವಿದೆ. ನಕ್ಷತ್ರವನ್ನು ಕಟ್ಟುತ್ತೇವೆ, ದೀಪವನ್ನು ಮಾತ್ರ 24ರ ಸಂಜೆ ಹಾಕುತ್ತೇವೆ. ಕಜ್ಜಾಯದ ಹಿಟ್ಟು ಹೇಗೂ ಕೆಲವು ದಿನ ಕೂರಬೇಕು. 20ಕ್ಕೆ ಅಕ್ಕಿ ನೆನೆಹಾಕಿ, ಕರಿಯುವುದನ್ನು 24ಕ್ಕೆ ಇಟ್ಟುಕೊಂಡಿದ್ದೇನೆ. ವಂಶಾವಳಿಯ ಹೆಸರುಗಳನ್ನು ತಡವರಿಸದೆ ಓದಲು ಮಗಳು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದಾಳೆ. ಜೆರುಬ್ಬಾಬೆಲನ ಬಳಿ ಪ್ರತಿ ಸಲವೂ ನಗು ಬರುತ್ತದೆ.